ಅನ್ನವ್ವನ ತಂಬಿಗೆ

"ಸ್ಟೇರಿಂಗ್ ಗಟ್ಟಿ ಹಿಡೀರಿ ಅಣ್ಣಾ," ಎಂದು ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದ ಮಿಸ್ತ್ರಿ ಪೀರಸಾಬ ಕೂಗಿದ.

"ಹಿಡದೇನಿ ನೋಡೋ," ಎಂದ ಮೇಲೆ ಕೂತಿದ್ದ ಡ್ರೈವರ್ ಫಕ್ಕೀರಪ್ಪ.

ಶಿಗ್ಗಾಂವಿಯ ಹುಣಸೆಮರದ ನೆರಳಲ್ಲಿ ಲಾರಿಯ ಮುಂದಿನ ಗಾಲಿಗಳು ಜಾಕಿನ ಮೇಲೆ ನೆಲ ಬಿಟ್ಟು ನಿಂತಿದ್ದವು. ಪೀರಸಾಬ ಸ್ಟೇರಿಂಗಿನ ಕೆಳಗಿನ ಸರಳನ್ನು ಹಿಡಿದು ಅಲುಗಾಡಿಸಿ ನೋಡಿದ. ಕೂದಲೆಳೆಯಷ್ಟೂ ಸಡಿಲಿಲ್ಲ! ಹೋದ ವಾರ ಇದೇ ಲಾರಿ ಹಾನಗಲ್ಲಿನ ಕೆರೆ ಏರಿಯ ಮೇಲೆ ದಾರಿ ಬಿಟ್ಟು ಅಂಚಿಗೆ ಸರಿದು, ಪುಣ್ಯಕ್ಕೆ ಒಂದು ಜಾಲಿ ಬೊಡ್ಡೆಗೆ ತಾಗಿ ನಿಂತಿತ್ತು. ಸ್ಟೇರಿಂಗ್ ಸಡಿಲಾಗಿದೆ ಎಂದು ಫಕ್ಕೀರಪ್ಪ ಹೇಳಿದ, ಎಲ್ಲರೂ ನಂಬಿದರು. ನಾಳೆ ಬೆಳಗಾದರೆ ಲಾರಿಯ ಮಾಲೀಕ ಪ್ರಾಣೇಶರಾಯರ ಮನೆಯ ಮದುವೆ ದಿಬ್ಬಣ, ಹೆಂಗಸರು ಮಕ್ಕಳ ಸಮೇತ, ಈ ಲಾರಿಯಲ್ಲೇ ಅದೇ ಏರಿಯ ಮೇಲೆ ಹಿರೇಕೆರೂರಿಗೆ ಹೋಗಬೇಕು.

ಯುದ್ಧದ ಕಾಲ. ಹೊಸ ಸಾಮಾನು ಹುಬ್ಬಳ್ಳಿಯಲ್ಲಿ ಕೇಳಿದರೆ ಅಂಗಡಿಯವರು ನಗುತ್ತಿದ್ದರು. ಆಗ ಫಕ್ಕೀರಪ್ಪನ ಹೆಂಡತಿ ಅನ್ನವ್ವ ತವರಿನಿಂದ ತಂದ ಹಿತ್ತಾಳೆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಪೀರಸಾಬನ ಮುಂದಿಟ್ಟಿದ್ದಳು. "ಇದನ್ನ ಕರಗಸಪಾ ತಮ್ಮಾ. ನೀರು ಮಣ್ಣಿನ ಗಡಿಗ್ಯಾಗಿಂದ ಕುಡದ್ರೂ ನಡೀತೈತಿ," ಎಂದಿದ್ದಳು. ಸವಣೂರಿನ ಕಂಚುಗಾರ ಅದನ್ನು ಕರಗಿಸಿ ಎರಕ ಹೊಯ್ದ. ಪೀರಸಾಬ ಅದನ್ನು ಅರದಲ್ಲಿ ತಿಕ್ಕಿ ತಿಕ್ಕಿ ಬಳೆಯಂಥ ಬುಶ್ ಮಾಡಿ, ಸವೆದ ಜಾಗದಲ್ಲಿ ಕೂರಿಸಿದ್ದ. ತನ್ನ ಕೆಲಸದ ಮೇಲೆ ಅವನಿಗೇ ಪ್ರೀತಿ ಬಂದುಬಿಟ್ಟಿತು. ಸರಳಿನ ಮೇಲೆ ಸುಮ್ಮನೆ ಅಂಗೈ ಇಟ್ಟುಕೊಂಡು ಒಂದು ಗಳಿಗೆ ಹಾಗೇ ಮಲಗಿದ.

ಸರಳು ನಡುಗುತ್ತಿತ್ತು. ಎಂಜಿನ್ ಬಂದಾಗಿತ್ತು, ಗಾಳಿ ಕೂಡ ಇರಲಿಲ್ಲ. ಆದರೂ ಜ್ವರದವರ ನಾಡಿ ಹಿಡಿದಂತೆ ಅಂಗೈಗೆ ಮಿಡಿತ ತಾಗುತ್ತಿತ್ತು.

"ಕೈ ಬಿಡ್ರಿ ಅಣ್ಣಾ."

ನಡುಕ ನಿಂತಿತು.

"ಹಿಡೀರಿ."

ಮತ್ತೆ ಶುರುವಾಯಿತು. ಇಷ್ಟು ದಿನ ತನಗೆ ಇದು ಹೇಗೆ ತಿಳಿಯಲಿಲ್ಲ? ತಿಳಿಯುವುದಾದರೂ ಹೇಗೆ! ತನ್ನ ಸೀಟಿನಲ್ಲಿ ಇನ್ನೊಬ್ಬ ಕೂತರೆ ಫಕ್ಕೀರಪ್ಪ ಊಟ ಬಿಡುವ ಪೈಕಿ. ಮಿಸ್ತ್ರಿ ಅಡಿಯಲ್ಲಿ ಕೆಲಸ ಮಾಡಬೇಕು, ಓಡಿಸಿ ನೋಡಿ ಹೇಳುವವನು ಡ್ರೈವರನೇ. ಒಂದು ಕಾಲಕ್ಕೆ ಈ ಲಾರಿಯ ಕ್ಲೀನರನಾಗಿ ದಿನಾ ಮುಂಜಾನೆ ಹ್ಯಾಂಡಲ್ ತಿರುವಿ ಎಂಜಿನ್ ಹೊತ್ತಿಸಿದ ಪೀರಸಾಬನೂ ಆ ಸೀಟು ಮುಟ್ಟಿದವನಲ್ಲ. ಗಾಡಿ ಹೊಡೆಯುವುದನ್ನು ಅವನು ಕಲಿತದ್ದು ಹಾವೇರಿಯ ಬೇರೊಬ್ಬರ ಲಾರಿಯ ಮೇಲೆ.

ಅವನು ಅಡಿಯಿಂದ ತೆವಳಿ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತ. ಫಕ್ಕೀರಪ್ಪ ತನ್ನ ಕೈಗಳನ್ನೇ ನೋಡುತ್ತಿದ್ದ.

"ಊಟಕ್ಕ ಕುಂತಾಗೂ ಹಿಂಗ ಮಾಡ್ತಾವು," ಎಂದ ಮೆಲ್ಲಗೆ. "ದಿನಾ ಆ ಸ್ಟೇರಿಂಗ್ ಹಿಡದು ಹಿಡದು ಕೈಗೂ ನಡುಕ ಹತ್ತೈತಿ, ಅದು ಬಿಗಿ ಆದ್ರ ಇವೂ ನಿಲ್ತಾವ ಅಂದ್ಲು ಅನ್ನವ್ವ. ನಾನೂ ಹಂಗ ತಿಳದಿದ್ನೋ ಪೀರಾ. ಅದಕ್ಕ ತಂಬಗಿ ಕೊಟ್ಲು."

ಪೀರಸಾಬ ಕೈಯಲ್ಲಿನ ಗ್ರೀಸನ್ನು ಚಿಂದಿಯಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಬುಶ್ ಇನ್ನೂ ಸರಿ ಕುಂತಿಲ್ಲ ಅಂತ ರಾಯರಿಗೆ ಹೇಳ್ತೇನ್ರಿ ಅಣ್ಣಾ. ನಾಳೆ ಬ್ಯಾರೆ ಗಾಡಿ ನೋಡಿಕೊಳ್ಳಲಿ. ಮುಂದಿಂದು ಮುಂದ."

ಫಕ್ಕೀರಪ್ಪ ಉತ್ತರ ಕೊಡುವಷ್ಟರಲ್ಲಿ ಪ್ರಾಣೇಶರಾಯರೇ ಕೊಡೆ ಹಿಡಿದುಕೊಂಡು ಬಂದರು. "ಏನೋ ಪೀರಾ, ಸರಿ ಆತೇನು? ಮನ್ಯಾಗ ಹೆಣ್ಮಕ್ಕಳು ಕೆರೆ ಏರಿ ಅಂದ್ರ ಅಂಜಾಕತ್ತಾರ."

"ಅದು... ರಾಯರ, ಬುಶ್ಶು..." ಎಂದು ಪೀರಸಾಬ ತಡವರಿಸಿದ.

"ಗಾಡಿ ಸರಿ ಆಗೈತ್ರಿ ರಾಯರ," ಎಂದು ಫಕ್ಕೀರಪ್ಪ ಮಾತು ಕಸಿದುಕೊಂಡ. "ಅವನ ಕೆಲಸದಾಗ ಒಂದೀಟೂ ಕಸರಿಲ್ಲ. ತಪ್ಪು ಸುಳ್ಳ ಗಾಡಿ ಮ್ಯಾಲ ಹಾಕಿದ್ವಿ. ನಡುಗೋದು ನನ್ನ ಕೈರಿ. ನಾಳೆ ಗಾಡಿ ಪೀರಾ ಹೊಡೀತಾನ."

ರಾಯರು ಕೊಡೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಿನಲ್ಲೇ ನಿಂತರು.

ಪೀರಸಾಬ ಜಾಕು ಇಳಿಸಿದ. ಫಕ್ಕೀರಪ್ಪ ಸೀಟಿನಿಂದ ಇಳಿದು, ಹೆಗಲ ಮೇಲಿನ ವಲ್ಲಿಯಿಂದ ಸೀಟನ್ನು ಝಾಡಿಸಿ, "ಹತ್ತು," ಎಂದ. ಪೀರಸಾಬ ಹತ್ತಲಾರದೆ ನಿಂತ. "ಹತ್ತೋ, ರಾಯರು ಬಿಸಲಾಗ ನಿಂತಾರ," ಎಂದು ಗದರಿದ ಮೇಲೆ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದ.

ಹ್ಯಾಂಡಲ್ ತಿರುವುವುದು ಕ್ಲೀನರನ ಕೆಲಸ. ಡ್ರೈವರನಾದವನು ಅದನ್ನು ಮುಟ್ಟಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಫಕ್ಕೀರಪ್ಪ ಸೀಟಿನ ಹಿಂದಿನಿಂದ ಹ್ಯಾಂಡಲ್ ಎಳೆದುಕೊಂಡು ಲಾರಿಯ ಮುಂದೆ ಹೋದ. ಧೋತರ ಮೇಲೆ ಕಟ್ಟಿ, ಬಗ್ಗಿ, ಅದನ್ನು ತೂರಿಸಿ, ಉಸಿರು ಬಿಗಿಹಿಡಿದು ತಿರುವಿದ. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು.

ತಿರುವುವಾಗ ಅವನ ಕೈ ನಡುಗಲಿಲ್ಲ.