ಬಸಿರಿನ ಲೆಕ್ಕ

ಜೆಸಿಬಿಯ ಬಕೆಟ್ ಮರಳಿಗೆ ತಾಗುವ ಮೊದಲೇ ಗುಣಪಾಲ ಬಂದು ಅದರೆದುರು ನಿಂತ. ಡ್ರೈವರ್ ಡೆರಿಕ್ ಇಂಜಿನ್ ಆಫ್ ಮಾಡಿ, ಮೂಗಿಗೆ ಕಟ್ಟಿದ್ದ ಟವೆಲ್ ಕೆಳಗಿಳಿಸಿ, ಇನ್ನು ನೀವೇ ಮಾತಾಡಿ ಎಂಬಂತೆ ಸಂಶೋಧಕಿ ಮಾನಸಳ ಕಡೆ ನೋಡಿದ. ಮಾನಸಳಿಗೆ ಮಾತಾಡಿ ಮಾತಾಡಿ ಸಾಕಾಗಿಹೋಗಿತ್ತು. ಹೂತ ತಿಮಿಂಗಿಲವನ್ನು ಮತ್ತೆ ಹೊರತೆಗೆಯಲು ಒಪ್ಪಿಗೆ ಬೇಕೆಂದು ವಾರವಿಡೀ ಮಣಿಪಾಲದ ಲ್ಯಾಬಿನಿಂದ ಉಡುಪಿಗೆ, ಉಡುಪಿಯಿಂದ ಕಾಪುವಿಗೆ ತಿರುಗಿದ್ದಳು. ಕೇಳಿದವರಿಗೆಲ್ಲ ಮೊದಲಿನಿಂದ ವಿವರಿಸಿದ್ದಳು. ಒಪ್ಪಿಗೆಯ ಕಾಗದ ಕೈಗೆ ಬಂದ ಮೇಲೂ ಗುಣಪಾಲನನ್ನು ಒಪ್ಪಿಸುವುದೊಂದು ಉಳಿದಿತ್ತು.

“ಹೂತದ್ದನ್ನು ಯಾರಾದರೂ ತೆಗೆಯುತ್ತಾರಾ ಮೇಡಂ?” ಗುಣಪಾಲ ಸ್ವರ ಏರಿಸಲಿಲ್ಲ. ಇಲ್ಲಿನ ಮೀನುಗಾರರಲ್ಲಿ ಅವನ ಮಾತಿಗೆ ಬೆಲೆಯಿತ್ತು. ಏರಿಸುವ ಅಗತ್ಯ ಬರುತ್ತಿರಲಿಲ್ಲ. “ಕಾಯಿ ಒಡೆದು, ಹೂ ಹಾಕಿ ಮಣ್ಣು ಮಾಡಿದ್ದು ನಾವು. ಅದು ಸತ್ತು ದಡಕ್ಕೆ ಬಂದ ದಿನ ನೀವು ಒಂದು ತುಂಡು ಕೊಯ್ದುಕೊಂಡು ಹೋದಿರಿ. ಹೊಟ್ಟೆ ಮಾತ್ರ ಸೀಳಬೇಡಿ ಅಂದೆವು, ನೀವು ಒಪ್ಪಿದಿರಿ. ಈಗ ಪುನಃ ಎಂತ?”

“ಆ ತುಂಡಿನಿಂದಲೇ ಬಂದದ್ದು ಗುಣಪಾಲಣ್ಣ. ಅದರ ಕೊಬ್ಬಿನಲ್ಲಿ ಒಂದು ಹಾರ್ಮೋನು ತುಂಬಾ ಹೆಚ್ಚು ಉಂಟು. ಬದುಕಿರುವ ತಿಮಿಂಗಿಲದ ಹೊಟ್ಟೆಯೊಳಗೆ ನೋಡಲಿಕ್ಕೆ ಆಗುವುದಿಲ್ಲ. ದೋಣಿಯಿಂದ ಬಾಣ ಬಿಟ್ಟು ಬೆರಳಿನ ತುದಿಯಷ್ಟು ಕೊಬ್ಬು ತೆಗೆಯುತ್ತೇವೆ. ಈ ಹಾರ್ಮೋನು ಹೆಚ್ಚಿದ್ದರೆ—”

ಇದೇ ವಾಕ್ಯವನ್ನು ಎಷ್ಟು ಮೇಜುಗಳ ಎದುರು ಹೇಳಿದ್ದಳೋ. ಗುಣಪಾಲನಾದರೋ ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದ, ಕೇಳಲೆಂದಲ್ಲ.

ಅಷ್ಟರಲ್ಲಿ ಅವನ ಅಕ್ಕ ಅಪ್ಪಿ ಮಾರ್ಕೆಟಿನಲ್ಲಿ ಮೀನು ಮಾರಿ, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಆ ದಾರಿಯಾಗಿ ಬಂದಳು. ತಮ್ಮನನ್ನೂ ಯಂತ್ರವನ್ನೂ ನೋಡಿ ನಿಂತಳು.

“ಹೆಚ್ಚಿದ್ದರೆ ಎಂತ?” ಅಪ್ಪಿ ಕೇಳಿದಳು.

“ಅದು ಬಸುರಿ ಅಂತ ಅರ್ಥ ಅಪ್ಪಿಯಕ್ಕ.”

ಅಪ್ಪಿ ಬುಟ್ಟಿಯನ್ನು ಮರಳಿನ ಮೇಲಿಟ್ಟಳು. “ಬಸುರಿಯನ್ನಾ ನಾವು ಹಾಗೆಯೇ ಹೂತದ್ದು?”

ಗುಣಪಾಲ ಹೂತ ಜಾಗದ ಕಡೆ ತಿರುಗಿದ. ಮಾನಸಳಿಗೆ ಏನಾಯಿತೆಂದು ತಿಳಿಯಲಿಲ್ಲ. ಅವಳ ಮುಖ ನೋಡಿ ಅಪ್ಪಿಯೇ ಹೇಳಿದಳು: “ಹೊಟ್ಟೆಯಲ್ಲಿ ಮಗು ಇರುವಾಗ ಹೆಂಗಸು ಸತ್ತರೆ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಕಳಿಸುವ ಕ್ರಮ ಇಲ್ಲ ನಮ್ಮಲ್ಲಿ. ಬೇರೆ ಮಾಡಿಯೇ ಕಳಿಸುವುದು. ಇಲ್ಲದಿದ್ದರೆ ಇಬ್ಬರಿಗೂ ದಾರಿ ಸಿಗುವುದಿಲ್ಲ.” ಆಮೇಲೆ ತಮ್ಮನ ಕಡೆ ತಿರುಗಿ, “ಈಚೆ ಬಾ ಮಾರಾಯ. ಆ ಹುಡುಗ ಕೆಲಸ ಮಾಡಲಿ” ಎಂದಳು. ವಿಜ್ಞಾನವೆಲ್ಲ ಸೇರಿ ಕದಲಿಸಲಾಗದವನು ಎರಡು ಹೆಜ್ಜೆ ಸರಿದು ನಿಂತ.

ಮರಳು ಸರಿಯುತ್ತಿದ್ದಂತೆ ವಾಸನೆ ಮೇಲೆದ್ದಿತು. ಡೆರಿಕ್ ಎರಡು ಸಲ ಇಳಿದು ಹೋಗಿ ವಾಂತಿ ಮಾಡಿ ಬಂದ. ಗುಣಪಾಲ ಮನೆಗೆ ಹೋಗಿ ಒಂದು ಹೊಸ ಬಿಳಿ ಪಂಚೆ ತಂದ. ತೆಂಗಿನ ಸಾಲಿನ ಬುಡದಲ್ಲಿ ತಾನೇ ಒಂದು ಚಿಕ್ಕ ಗುಂಡಿ ತೋಡತೊಡಗಿದ. ಅದು ಎಷ್ಟು ಉದ್ದ ಇರಬೇಕೆಂದು ಮಾನಸಳನ್ನು ಕೇಳಿದ. ನೋಡಿ ಹೇಳುತ್ತೇನೆಂದು ಅವಳು ಗಂಬೂಟು ಏರಿಸಿ, ಉದ್ದ ಹಿಡಿಯ ಚೂರಿ ಹಿಡಿದು ಹೊಂಡಕ್ಕೆ ಇಳಿದಳು. ಕಾರ್ಕಳದ ಬಂಡೆಗಳ ನಡುವೆ ಬೆಳೆದವಳು, ಓದಲೆಂದು ಮಣಿಪಾಲಕ್ಕೆ ಬರುವವರೆಗೆ ಸಮುದ್ರವನ್ನು ಸರಿಯಾಗಿ ನೋಡಿದವಳೇ ಅಲ್ಲ. ಈಗ ಮೊಣಕಾಲಿನವರೆಗೆ ಅದರ ಅತಿ ದೊಡ್ಡ ಪ್ರಾಣಿಯೊಳಗೆ ನಿಂತಿದ್ದಳು. ಕೊಬ್ಬು, ಸ್ನಾಯು, ಕರುಳು. ಕಡೆಗೆ ಗರ್ಭಕೋಶ ಸಿಕ್ಕಿತು. ಎಲ್ಲೂ ಹರಿದಿರಲಿಲ್ಲ, ಹಿಗ್ಗಿರಲೂ ಇಲ್ಲ. ಸೀಳಿದಳು. ಒಳಗೆ ಕೈ ಹಾಕಿ ಎರಡೂ ಕವಲುಗಳ ತುದಿಯವರೆಗೆ ತಡವಿದಳು. ಮತ್ತೊಮ್ಮೆ ತಡವಿದಳು.

“ಸಿಕ್ಕಿತಾ?” ಮೇಲಿನಿಂದ ಗುಣಪಾಲ ಕೇಳಿದ.

“ಇಲ್ಲ.”

“ಕರಗಿಹೋಯಿತಾ?”

“ಇಲ್ಲ ಗುಣಪಾಲಣ್ಣ. ಇರಲೇ ಇಲ್ಲ. ಬಸಿರಾಗದೆಯೂ ಕೆಲವು ಸಲ ದೇಹ ಹಾಗೆ ನಂಬಿ ಆ ಹಾರ್ಮೋನು ಏರಿಸಿಬಿಡುತ್ತದೆ. ಅಪರೂಪಕ್ಕೆ ಹಾಗಾಗುತ್ತದೆ ಅಂತ ಓದಿದ್ದೆ.”

ಗುಣಪಾಲ ಅವಳಿಗೆ ಕೈಕೊಟ್ಟು ಮೇಲಕ್ಕೆಳೆದುಕೊಂಡ. ಅಪ್ಪಿ ಬಾಟಲಿಯಿಂದ ನೀರು ಸುರಿದಳು, ಮಾನಸ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ವಾಸನೆ ಹೋಗಲಿಲ್ಲ. ಹಿಂದೆ ಡೆರಿಕ್ ಹೊಂಡ ಮುಚ್ಚಲು ಮರಳು ಎಳೆಯತೊಡಗಿದ್ದ.

“ಹೋದದ್ದು ಒಂದೇ ಜೀವ,” ಅಪ್ಪಿ ಹೇಳಿದಳು. “ಅಷ್ಟಾದರೂ ಒಳ್ಳೆಯದಾಯಿತು. ಅಲ್ವಾ?”

ಆಗಲೇ ಮಾನಸಳಿಗೆ ಫೋನು ಬಂತು, ಮಣಿಪಾಲದಿಂದ ಅವಳ ಸಂಶೋಧನೆಯ ಗೈಡು. ಒದ್ದೆ ಕೈಯಲ್ಲೇ ತೆಗೆದಳು. “ಇಲ್ಲ ಸರ್... ಸರಿಯಾಗಿ ನೋಡಿದೆ ಸರ್... ಹೌದು, ಅಷ್ಟೇ ಹಾರ್ಮೋನು ಇತ್ತು.” ಆಚೆಯಿಂದ ಅವರು ಏನೋ ಹೇಳಿದರು. “ಗೊತ್ತು ಸರ್. ಆ ಮೂರನ್ನೂ ಈಗ ಹಾಗೆ ಹೇಳಲಿಕ್ಕಾಗುವುದಿಲ್ಲ” ಎಂದು ಫೋನಿಟ್ಟಳು. ಮರಳಿನ ಮೇಲೆಯೇ ಕುಳಿತಳು.

ಅಪ್ಪಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲನೆ ಕೇಳಿದಳು. “ಯಾವ ಮೂರು?”

ಮಾನಸ ನೀರಿನ ಕಡೆ ನೋಡಿದಳು.

“ಬಾಣ ಬಿಟ್ಟು ನೋಡಿದವು. ಆಚೆ ಆಳದಲ್ಲಿ ಮೂರು ಬಸುರಿಯರು ಇದ್ದಾರೆ ಅಂದುಕೊಂಡಿದ್ದೆವು, ಅಪ್ಪಿಯಕ್ಕ.”