ಕಚ್ಚಾ ಹೊಲಿಗೆ

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸುವಷ್ಟರಲ್ಲಿ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಟೈಲರ್ ಮಾಸ್ಟರ್ ಮಾತ್ರ ಮುಂದಕ್ಕೆ ಬಾಗಿದರು, ಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಹುಡುಕುವವರಂತೆ.

"ಎಡಗಡೇ ಸ್ಕ್ಯಾನು ಚಿಕಿತ್ಸೆಗೆ ಮುಂಚಿನದು. ಬಲಗಡೇದು ಮೊನ್ನೆ ತೆಗೆದದ್ದು," ಎಂದರು ಡಾಕ್ಟರು.

"ನನಗೆ ಎರಡೂ ಮೋಡದ ಹಾಗೇ ಕಾಣ್ತಿವೆ ಮೇಡಂ. ನೀವೇ ಹೇಳ್ಬಿಡಿ."

"ಹೇಳ್ತೀನಿ. ಮೊದಲು ಅವರು ಕಣ್ಣು ಬಿಡಲಿ."

"ನಾನು ಕಿವೀಲಿ ಕೇಳಿಸ್ಕೋತೀನಿ, ನೀವು ಹೇಳಿ," ಎಂದಳು ಹೆಂಡತಿ.

ಮಾಸ್ಟರಿಗೆ ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆಯಿದೆ ಎಂದು ಗೊತ್ತಾದಾಗ ಇದೇ ಕೋಣೆಯಲ್ಲಿ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮೊದಲು ವಿಕಿರಣ ಮತ್ತು ಔಷಧಿ. ಅದಕ್ಕೆ ಗಡ್ಡೆ ಪೂರ್ತಿ ಕರಗಿದರೆ ಒಳ್ಳೆಯದು. ಕರಗದಿದ್ದರೆ ಆಪರೇಷನ್. ಗಡ್ಡೆ ತೀರಾ ಕೆಳಗಿದ್ದುದರಿಂದ ಆಗ ಗುದದ್ವಾರವನ್ನೇ ತೆಗೆದು, ಹೊಟ್ಟೆಯ ಎಡಗಡೆ ಬೇರೆ ದಾರಿ ಮಾಡಬೇಕಾಗುತ್ತದೆ. ಬದುಕಿರುವಷ್ಟು ಕಾಲ ಅಲ್ಲೊಂದು ಮಲದ ಚೀಲ ಅಂಟಿಸಿಕೊಂಡೇ ಇರಬೇಕು. ಹಳೆಯ ರೋಗಿಗಳ ಸ್ಕ್ಯಾನುಗಳನ್ನು ಓದಿ ಕಲಿತ ಒಂದು ಕಂಪ್ಯೂಟರ್ ಪ್ರೋಗ್ರಾಮು ಮಾಸ್ಟರ ಸ್ಕ್ಯಾನನ್ನೂ ಓದಿ, ಈ ಗಡ್ಡೆ ಚಿಕಿತ್ಸೆಗೆ ಬಗ್ಗುವ ಸಾಧ್ಯತೆ ಹತ್ತರಲ್ಲಿ ಎಂಟು ಎಂದು ಅಂದಾಜು ಹೇಳಿತ್ತು.

"ಗಿರಾಕಿ ಹೊಸಿಲು ದಾಟೋವಾಗ್ಲೇ ಸೊಂಟ ಎಷ್ಟಿಂಚು ಅಂತ ನಾನೂ ಹೇಳ್ತೀನಿ ಮೇಡಂ," ಅಂದಿದ್ದರು ಮಾಸ್ಟರ್. "ಆದ್ರೂ ಟೇಪ್ ಹಿಡಿದ ಮೇಲೇ ಕತ್ತರಿ ಎತ್ಕೊಳ್ಳೋದು."

"ನಾವೂ ಅಷ್ಟೇ. ಅಂದಾಜು ನಂಬಿ ಕತ್ತರಿ ಹಾಕಲ್ಲ, ಅಂದಾಜು ನಂಬಿ ಕೈನೂ ಬಿಡಲ್ಲ. ಚಿಕಿತ್ಸೆ ಮುಗೀಲಿ, ಕಣ್ಣಾರೆ ನೋಡೋಣ."

ಅಂದು ಅಂಗಡಿಗೆ ಬಂದವರೇ ಮಾಸ್ಟರ್ ತಮ್ಮ ಪ್ಯಾಂಟುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದರು. ಸೊಂಟದ ಪಟ್ಟಿ ಎತ್ತರಿಸಿದರು. ಎಡಗಡೆ ಒಳಮೈಗೆ, ಚೀಲ ಕೂರುವಷ್ಟು ಅಗಲದ ಮೆತ್ತನೆಯ ಜೇಬು ಇಟ್ಟರು. ಗುಂಡಿಗೆ ಕಾಜಾ, ಅಂಚಿಗೆ ಹೆಮ್ಮಿಂಗ್, ಕೈಹೊಲಿಗೆಯೆಲ್ಲ ಯಾವಾಗಲೂ ಹೆಂಡತಿಯ ಕೆಲಸ. ಅವತ್ತು ಅವಳಿಗೆ ಸೂಜಿ ಮುಟ್ಟಲು ಬಿಡಲಿಲ್ಲ.

"ಹತ್ತರಲ್ಲಿ ಎಂಟು ಅಂದ್ರಲ್ರೀ? ನಿಮಗೆ ಆ ಎರಡೇ ಯಾಕೆ ಕಣ್ಣಿಗೆ ಬೀಳುತ್ತೆ?"

"ಎಂಟಕ್ಕೆ ಹೊಸದಾಗಿ ಏನೂ ಹೊಲೀಬೇಕಾಗಿಲ್ಲ ಕಣೇ. ಹೊಲೀಬೇಕಾಗಿರೋದು ಎರಡಕ್ಕೆ."

ಇಸ್ತ್ರಿ ಮಾಡಿ, ಮಡಿಸಿ, ಮೇಲಿನ ಹಲಗೆಯಲ್ಲಿಟ್ಟ ಆ ಪ್ಯಾಂಟುಗಳ ಕಡೆ ಅವಳು ಮತ್ತೆ ತಲೆಯೆತ್ತಿ ನೋಡಲಿಲ್ಲ. ವಿಕಿರಣಕ್ಕೆ ಚರ್ಮ ಉರಿಯುತ್ತಿದ್ದುದರಿಂದ ಮಾಸ್ಟರ್ ಸಡಿಲ ಪೈಜಾಮದಲ್ಲೇ ಆಸ್ಪತ್ರೆಗೆ ಹೋಗಿ ಬಂದರು. ಜೊತೆಗೆ ನಡೆಯುತ್ತಿದ್ದ ಅವಳಿಗೆ ಮಾತ್ರ, ಈ ಮನುಷ್ಯ ಆಗಲೇ ಒಳಗೊಳಗೇ ಸೋತುಬಿಟ್ಟಿದ್ದಾನೆ ಎಂಬ ಸಂಕಟ ಇದ್ದೇ ಇತ್ತು.

"ಗಡ್ಡೆ ಇಲ್ಲ," ಎಂದರು ಈಗ ಡಾಕ್ಟರು, ಪರದೆಯ ಬಲಗಡೆಯ ಚಿತ್ರದ ಮೇಲೆ ಬೆರಳಿಟ್ಟು. "ಸ್ಕ್ಯಾನಲ್ಲಿ ಕಾಣಲ್ಲ, ಒಳಗೆ ಕ್ಯಾಮೆರಾ ಹಾಕಿ ನೋಡಿದ್ರೂ ಕಾಣಲ್ಲ, ಬೆರಳಿಗೂ ಸಿಗಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಬಿಳೀ ಕಲೆ, ಅಷ್ಟೇ. ಈಗ ಆಪರೇಷನ್ ಬೇಡ."

ಹೆಂಡತಿ ಕಣ್ಣು ಬಿಟ್ಟಳು. "ಚೀಲ?"

"ಚೀಲಾನೂ ಬೇಡ. ಆದ್ರೆ ನನ್ನಿಂದ ತಪ್ಪಿಸ್ಕೊಂಡ್ವಿ ಅಂದ್ಕೋಬೇಡಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಲೇಬೇಕು. ಕೆಲವರಲ್ಲಿ ಅದು ಮತ್ತೆ ತಲೆ ಎತ್ತುತ್ತೆ. ಬೇಗ ಕಂಡ್ರೆ ಆಗಲೂ ದಾರಿ ಇದೆ."

ಮಾಸ್ಟರ್ ಡಾಕ್ಟರ ಭುಜವನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ನಿಮ್ಮ ಕೋಟಿನ ಬಲಗೈ ಎಳೀತಾ ಇದೆ ಮೇಡಂ. ಕೊಟ್ಟು ಕಳಿಸಿ, ಸರಿ ಮಾಡ್ತೀನಿ," ಎಂದರು.

ಅಂಗಡಿಯ ಬಾಗಿಲು ತೆಗೆದದ್ದೇ ತಡ, ಹೆಂಡತಿ ಸ್ಟೂಲು ಹತ್ತಿ ಪ್ಯಾಂಟುಗಳ ಕಟ್ಟನ್ನು ಕೆಳಗಿಳಿಸಿದಳು.

"ಅದ್ಯಾಕೀಗ? ಎರಡು ಗುಟುಕು ಟೀ ಆದ್ರೂ ಕುಡಿ."

"ಟೀ ಆಮೇಲೆ. ಈ ದರಿದ್ರ ಜೇಬು ಇನ್ನೊಂದು ನಿಮಿಷ ನನ್ನ ಕಣ್ಣೆದುರು ಇರಬಾರದು."

ಮಾಸ್ಟರ ಹೊಲಿಗೆ ಬಿಚ್ಚುವುದೆಂದರೆ ಸುಲಭವಲ್ಲ. ಬಟ್ಟೆ ಹರಿದೀತೇ ಹೊರತು ಹೊಲಿಗೆ ಬಿಡುವುದಿಲ್ಲವೆಂದು ಗಿರಾಕಿಗಳೇ ಆಡಿಕೊಳ್ಳುತ್ತಿದ್ದರು. ಅವಳು ಹೊಸ ಬ್ಲೇಡು ತೆಗೆದುಕೊಂಡಳು, ಕನ್ನಡಕ ಏರಿಸಿದಳು, ಪ್ಯಾಂಟನ್ನು ಒಳಗು ಹೊರಗು ಮಾಡಿ ಒಂದು ದಾರದ ತುದಿ ಹಿಡಿದು ಸುಮ್ಮನೆ ಎಳೆದಳು. ದಾರ ಸರ್ರನೆ ಉದ್ದಕ್ಕೂ ಬಂತು. ಜೇಬು ಕಳಚಿ ಮಡಿಲಿಗೆ ಬಿತ್ತು. ಬಟ್ಟೆಯ ಮೇಲೆ ಒಂದು ಗುರುತೂ ಇರಲಿಲ್ಲ.

ಇನ್ನೊಂದು ಪ್ಯಾಂಟು ಎಳೆದುಕೊಂಡಳು. ಅದೂ ಹಾಗೇ. ಸೊಂಟದ ಪಟ್ಟಿಯೂ ಹಾಗೇ. ಟ್ರಯಲ್ ನೋಡುವ ತನಕ ನಿಂತರೆ ಸಾಕೆಂದು ಹಾಕುವ ಬಿಳಿ ದಾರದ ಉದ್ದುದ್ದ ಹೊಲಿಗೆ.

"ರೀ, ಎಲ್ಲಾ ಬರೀ ಕಚ್ಚಾ ಹೊಲಿಗೆ!"

"ಟ್ರಯಲ್ ಆಗೋಕೆ ಮುಂಚೆ ಪಕ್ಕಾ ಹೊಲಿಗೆ ಹಾಕಿದ್ದು ಯಾವತ್ತು ನೋಡಿದೀಯ ನೀನು?" ಮಾಸ್ಟರ್ ಮಷೀನಿಗೆ ಎಣ್ಣೆ ಬಿಡುತ್ತಿದ್ದರು, ತಲೆ ಎತ್ತಲಿಲ್ಲ.

"ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲ ಮಹರಾಯ್ರೇ! ನಾನಿಲ್ಲಿ ಒಳಗೇ ಬೆಂದು ಹೋದೆ."

"ನೀನು ಒಂದ್ಸಲ ತಿರುಗಿಸಿ ನೋಡಿದ್ರೆ ಗೊತ್ತಾಗ್ತಿತ್ತು."

ಅವಳು ಕಣ್ಣೊರೆಸಿಕೊಂಡು ಒಂದೊಂದಾಗಿ ಬಿಚ್ಚಿದಳು. ಕೊನೆಯ ಪ್ಯಾಂಟಿಗೆ ಕೈ ಹಾಕಿದಾಗ ಮಾಸ್ಟರ್, "ಅದೊಂದು ಹಾಗೇ ಇರಲಿ," ಎಂದರು. "ಮೂರು ತಿಂಗಳಿಗೊಮ್ಮೆ ಹೋಗ್ಬೇಕಲ್ಲ."

ಅವಳು ಆ ಪ್ಯಾಂಟನ್ನು ಮಡಿಲಲ್ಲಿ ಹರಡಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಾರದ ತುದಿ ಹಿಡಿದು ಸರ್ರನೆ ಎಳೆದಳು.

"ಬೇಕಾದ್ರೆ ಆಗ ನಾನೇ ಹಾಕ್ತೀನಿ ಬಿಡಿ. ಈ ಜೇಬಿಗೆ ಗಟ್ಟಿ ಹೊಲಿಗೆ ಹಾಕೋಕೆ ನಿಮಗೆ ಮನಸ್ಸೇ ಬರಲ್ಲ. ಪಕ್ಕಾ ಹೊಲಿಗೇನೇ ಹಾಕ್ತೀನಿ."