ಮಾಡು ಬಿಚ್ಚುವ ಕಾರು

"ಹ್ವಾಯ್ ಪದ್ದು, ಇನ್ನೊಂದ್ ಸಲ ಮುಚ್ಚಿ ಕಾಂಬ."

ಇದು ಆರನೆಯ ಸಲ. ಬ್ರಹ್ಮಾವರದ ಹಳೆ ಕಾರಿನ ದಲ್ಲಾಳಿ ಪದ್ದು ಬೆವರು ಒರೆಸಿಕೊಂಡು ಕೆಂಪು ಕಾರಿನೊಳಗೆ ಕುಳಿತು ಗುಂಡಿ ಒತ್ತಿದ. ಡಿಕ್ಕಿ ಬಾಯಿ ತೆರೆಯಿತು. ಒಳಗೆ ಮಡಚಿಕೊಂಡಿದ್ದ ಗಟ್ಟಿ ಮಾಡು, ಅಂದರೆ ಕಾರಿನ ಚಾವಣಿ, ಎದ್ದು ಬಂದು ಮುಂದಿನ ಗಾಜಿಗೆ ಕಚ್ಚಿಕೊಂಡಿತು. ಗಿರಿಜಕ್ಕ ಕೈಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ಇಪ್ಪತ್ತೈದ್ ಸೆಕೆಂಡ್. ತಡ ಆಯ್ತ್."

ಹಿಂದೆ ನಿಂತಿದ್ದ ಮಗ ಸುಶಾಂತನಿಗೆ ಕುಣಿಯುವಷ್ಟು ಖುಷಿ. ಮುಂಬಯಿಯಲ್ಲಿ ಅವನಿಗೆ ಮೂರು ಹೋಟೆಲುಗಳಿದ್ದವು. ಆದರೆ ಅವನು ತಂದುಕೊಟ್ಟ ಒಂದೇ ಒಂದು ವಸ್ತುವನ್ನೂ ಅಮ್ಮ ಬಳಸಿದ್ದಿಲ್ಲ. ಮಿಕ್ಸಿ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಟಿವಿ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ರೇಷ್ಮೆ ಸೀರೆಗಳಿಗೆ ಕಪಾಟಿನ ಬಾಗಿಲು ದಾಟುವ ಯೋಗವೇ ಇರಲಿಲ್ಲ. "ಚಂದ ಇತ್ತ್ ಮಗಾ, ಇರ್ಲಿ" ಎಂದರೆ ಮುಗಿಯಿತು, ಅದು ಮತ್ತೆ ಬೆಳಕು ಕಾಣುತ್ತಿರಲಿಲ್ಲ. ಅಮ್ಮ ದಿನಾ ಬಳಸುವಂಥದ್ದು ಏನಾದರೊಂದು ಕೊಡಬೇಕು ಎನ್ನುವುದು ಅವನ ಬಹುದಿನದ ಆಸೆ.

ಅದಕ್ಕೆ ದಾರಿ ತೆರೆದದ್ದು ಕಳೆದ ವಾರ ವಂಡ್ಸೆಯಲ್ಲಿ ನಡೆದ ಮದುವೆ. ಮದುಮಗ ಮಾಡಿಲ್ಲದ ಕಾರಿನಲ್ಲಿ ಬಂದಿದ್ದ. ನಾಲ್ಕು ಹನಿ ಬಿದ್ದದ್ದೇ ತಡ, ಜನ ಕೊಡೆ ಬಿಚ್ಚುವಷ್ಟರಲ್ಲಿ ಕಾರು ತನ್ನಷ್ಟಕ್ಕೆ ಮಾಡು ಮುಚ್ಚಿಕೊಂಡಿತು. ಪೇಟದ ಒಂದು ನೂಲೂ ಒದ್ದೆಯಾಗಲಿಲ್ಲ. ಗಿರಿಜಕ್ಕ ಅಕ್ಷತೆ ಹಾಕುವುದನ್ನೂ ಮರೆತು ಕಾರನ್ನೇ ನೋಡುತ್ತ ನಿಂತುಬಿಟ್ಟರು. ಮನೆಗೆ ಬಂದವರೇ ಹೇಳಿದರು: "ಮಗಾ, ನಂಗ್ ಅಂಥದ್ದೊಂದ್ ಕಾರ್ ಬೇಕ್."

ಅವನು ಹುಟ್ಟಿ ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಅಮ್ಮ ತಾನಾಗಿ ಬಾಯಿ ಬಿಟ್ಟು ಕೇಳಿದ್ದರು! ಸುಶಾಂತ ಆಗಲೇ ಕನಸಿನಲ್ಲಿ ಮರವಂತೆ ತಲುಪಿದ್ದ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಮೇಲೆ ಬರಿಯ ಆಕಾಶ, ಪಕ್ಕದ ಸೀಟಿನಲ್ಲಿ ಸೆರಗು ಹಾರಿಸುತ್ತ ಕುಳಿತ ಅಮ್ಮ.

ಪದ್ದುವಿನ ಅಂಗಳದಲ್ಲಿ ಅಂಥ ಕಾರು ಎರಡಿದ್ದವು. ಕೆಂಪು ಕಾರಿಗೆ ಹಾಲುಕೆನೆ ಬಣ್ಣದ ಸೀಟು, ಮದುಮಗಳ ಕಳೆ. ಬಿಳಿಯದಕ್ಕೆ ಮೈಮೇಲೊಂದು ಗೀರು, ಕರಿ ಸೀಟು. ಸುಶಾಂತನ ಮನಸ್ಸು ಕೆಂಪಿಗೆ ಅಂಟಿಕೊಂಡಿತ್ತು. ಮೈಲೇಜು ಎಷ್ಟು, ಎಷ್ಟು ವೇಗ ಹೋಗುತ್ತದೆ ಎಂಬ ಒಂದು ಮಾತನ್ನೂ ಅಮ್ಮ ಕೇಳಲಿಲ್ಲ. ಕೇಳಿದ್ದೆಲ್ಲ ಬೇರೆಯೇ.

"ಹೊರ್ಗ್ ನಿಂತ್ಕಂಡ್ ಮುಚ್ಚೂಕಾತ್ತಾ?"

"ಕೆಂಪಿಗೆ ಆತಿಲ್ಲ ಗಿರಿಜಕ್ಕ, ಒಳ್ಗೇ ಕೂಕಣ್ಕ್. ಬಿಳಿಯದ್ಕ್ ರಿಮೋಟ್ ಇತ್ತ್. ಜಗಲಿ ಮೇಲ್ ಕೂಕಂಡ್ ಒತ್ತಿರೂ ಸಾಕ್."

ಗಿರಿಜಕ್ಕನ ಮುಖ ಅರಳಿತು. ಬಿಳಿ ಕಾರಿನ ಮಾಡು ಹದಿನೆಂಟು ಸೆಕೆಂಡಿಗೆ ಮುಚ್ಚಿತು. ಮುಖ ಇನ್ನಷ್ಟು ಅರಳಿತು. ಮತ್ತೆ ತೆರೆಸಿದರು, ಬಿಸಿಲಿಗೆ ಕಾದ ಕರಿ ಸೀಟಿನ ಮೇಲೆ ಅಂಗೈ ಇಟ್ಟು ಚಟ್ಟನೆ ಹಿಂದೆಳೆದರು. "ಅಯ್ಯಬ್ಬ, ಕಾವ್ಲಿ ಕಂಡಾಂಗಿತ್ತ್!"

"ಅದ್ಕೇ ಹೇಳೂದ್ ಅಮ್ಮ," ಎಂದ ಸುಶಾಂತ, "ಕೆಂಪೇ ತಕಂಬ. ತಂಪಿತ್ತ್."

"ತಂಪ್ ಯಾರಿಗ್ ಬೇಕ್? ಇದೇ ಆಯ್ಕ್."

ಹಿಂದಿನ ಸೀಟಿಗೆ ಗೇಣು ಹಾಕಿ ಅಳೆದು, "ಸಾಕ್, ಹಿಡಿತ್ತ್" ಎಂದರು. ಮೊಮ್ಮಕ್ಕಳ ನೆನಪು ಎಂದು ಸುಶಾಂತ ಕರಗಿಹೋದ. ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ಅವರ ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು. "ಹಲಸಿನ ಮೇಣ ಮರಾಯಾ, ಎಷ್ಟ್ ಎಣ್ಣೆ ಹಚ್ಚಿರೂ ಹೋತಿಲ್ಲ" ಎಂದು ನಕ್ಕರು.

ಹೊರಡುವಾಗ ಪದ್ದು ಕುತೂಹಲ ತಾಳಲಾರದೆ ಕೇಳಿಯೇಬಿಟ್ಟ: "ಈ ಪ್ರಾಯದಗೆ ಇಂಥ ಶೋಕಿ ಎಂತಕೆ ಗಿರಿಜಕ್ಕ?"

"ಮಂಡಿ ಸವ್ದಿತ್ತ್. ಮಹಡಿ ಹತ್ತೂಕಾಗ, ಓಡೂಕಾಗ ಅಂದಿರ್ ಡಾಕ್ಟ್ರು. ಇನ್ನ್ ನಂಗ್ ಕಾರೇ ಗತಿ."

ಸುಶಾಂತನ ಕಣ್ಣು ತುಂಬಿ ಬಂತು. ಕಾರು ಓಡಿಸಲು ನೆರೆಮನೆಯ ನಾಗನನ್ನು ಗೊತ್ತು ಮಾಡಿ, ಮರುದಿನವೇ ಮುಂಬಯಿಗೆ ಹೊರಟ.

ವಾರ ಕಳೆದು ಫೋನು ಮಾಡಿದ. "ಅಮ್ಮ, ಕಾರ್ ಬಳಸ್ತ್ಯಾ?"

"ದಿನಾ ಮಗಾ! ಬೆಳಿಗ್ಗೆಯಿಂದ ಬೈಸರಿ ತನ್ಕ."

"ನಾಗ ಬತ್ನಾ?"

"ಅವ್ನ್ ಬಪ್ಪುದ್ ಬೇಡ ಅಂದೆ. ನಂಗೇ ಕಲ್ತಾಯ್ತ್."

ಅರವತ್ತಾರರ ಅಮ್ಮ ಡ್ರೈವಿಂಗ್ ಕಲಿತರು! ಸುಶಾಂತ ಅವತ್ತು ಮೂರೂ ಹೋಟೆಲಿನಲ್ಲಿ ಬಂದವರಿಗೆಲ್ಲ ಪುಕ್ಕಟೆ ಜಾಮೂನು ಹಂಚಿಸಿದ. ತಡೆಯಲಾರದೆ ರಾತ್ರಿಯ ಬಸ್ಸಿಗೇ ಹತ್ತಿದ. ಅಮ್ಮ ಓಡಿಸಬೇಕು, ತಾನು ಪಕ್ಕದಲ್ಲಿ ಕೂರಬೇಕು, ಮರವಂತೆ ನೋಡಬೇಕು. ಬೈಂದೂರಿನಲ್ಲಿ ಇಳಿದು ರಿಕ್ಷಾ ಹಿಡಿದು ಮನೆ ಮುಟ್ಟುವಾಗ ಮಧ್ಯಾಹ್ನ. ಮೋಡ ಕಟ್ಟಿತ್ತು. ಅಂಗಳದ ನಟ್ಟನಡುವೆ ಬಿಳಿ ಕಾರು ಮಾಡು ಬಿಚ್ಚಿಕೊಂಡು ನಿಂತಿತ್ತು. ಜಗಲಿಯಲ್ಲಿ ಅಮ್ಮ ಕಾಲು ನೀಡಿ, ರಿಮೋಟು ಹಿಡಿದು, ಆಕಾಶ ನೋಡುತ್ತ ಕುಳಿತಿದ್ದರು.

ಮೊದಲ ಹನಿ ಬಿತ್ತು. ಅಮ್ಮ ಗುಂಡಿ ಒತ್ತಿದರು. ಗುರ್ ಎಂದು ಮಾಡು ಎದ್ದು ಬಂದು ಮುಚ್ಚಿಕೊಂಡಿತು. ಹಿಂದೆಯೇ ಮಳೆ ಧೋ ಎಂದು ಸುರಿಯಿತು.

"ಕಂಡ್ಯಾ ಮಗಾ, ಒಂದೂ ಒದ್ದೆ ಆಯ್ಲಿಲ್ಲ!" ಅಮ್ಮ ಚಪ್ಪಾಳೆ ತಟ್ಟಿ ಕೂಗಿದರು. "ನೀ ಕೊಟ್ಟದ್ರಗೆ ಇಷ್ಟ್ ಉಪ್ಕಾರದ್ದ್ ಬೇರೆ ಯಾವ್ದೂ ಇಲ್ಲ!"

ಸುಶಾಂತ ಮಳೆಯಲ್ಲಿ ನೆನೆಯುತ್ತಲೇ ಗಾಜಿಗೆ ಹಣೆ ಒತ್ತಿ ಒಳಗೆ ಇಣುಕಿದ. ಸ್ಟಿಯರಿಂಗಿನಿಂದ ಹಿಂದಿನ ಸೀಟಿನವರೆಗೆ, ಬಿಳಿ ಪಂಚೆ ಹಾಸಿದ ಮೇಲೆ, ಸಾಲಾಗಿ ಗರಿಗರಿ ಒಣಗಿ ಮಲಗಿದ್ದವು ನೂರಾರು ಹಲಸಿನ ಹಪ್ಪಳ.